ಮುಖದ ನೋವಿಗೆ ಗುಳಿಗೆ ಹುಡುಕುವ ಮೊದಲು ಕಾರಣ ಹುಡುಕಿ

ಮಂಡಿ ನೋವು, ಹೊಟ್ಟೆ ನೋವು, ಸೊಂಟ ನೋವು ಎಂದರೆ ಮನೆಯವರಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ "ಕೆನ್ನೆಯ ಒಳಗೆ ಯಾರೋ ಎಳೆದ ಹಾಗಾಗುತ್ತದೆ, ಕಣ್ಣಿನ ಹಿಂದೆ ಒತ್ತಿದ ಹಾಗಾಗುತ್ತದೆ" ಎಂದು ಮನೆಯ ಹೆಣ್ಣುಮಗಳು ಹೇಳಿದರೆ ಏನು ಮಾಡಬೇಕೆಂದು ಯಾರಿಗೂ ತೋಚುವುದಿಲ್ಲ. ಗಾಯ ಕಾಣದು, ಊತ ಕಾಣದು, ಜ್ವರವೂ ಇಲ್ಲ. ಒಂದು ವಾರವಾದರೆ "ನಜರ್ ಆಗಿದೆ" ಎನ್ನುತ್ತೇವೆ. ತಿಂಗಳಾದರೆ "ಟೆನ್ಷನ್" ಎನ್ನುತ್ತೇವೆ. ವರ್ಷವಾದರೆ "ಅವಳದ್ದು ಯಾವಾಗಲೂ ಇದ್ದದ್ದೇ" ಎಂದು ಕೈಬಿಡುತ್ತೇವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಇಂಥ ನೋವು ಸಾಗುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಮೆಡಿಕಲ್ ಅಂಗಡಿಯ ಗುಳಿಗೆ, ಆಮೇಲೆ ಆರ್‌ಎಂಪಿ ಡಾಕ್ಟರ ಇಂಜೆಕ್ಷನ್. ನಂತರ ಹಲ್ಲಿನ ಮೇಲೆ ಅನುಮಾನ ಬಂದು ಒಂದು ಹಲ್ಲು ಕೀಳಿಸುವುದು, ನೋವು ಹೋಗದಿದ್ದರೆ ಪಕ್ಕದ್ದನ್ನೂ ಕೀಳಿಸುವುದು. ಸಂತೆಯಲ್ಲಿ ಕನ್ನಡಕ ಕೊಳ್ಳುವುದು. ಕೊನೆಗೆ ತಾವೀಝ್. ಇಷ್ಟರಲ್ಲಿ ಸಾವಿರಾರು ರೂಪಾಯಿ ಖರ್ಚಾಗಿರುತ್ತದೆ, ನೋವು ಇದ್ದಲ್ಲೇ ಇರುತ್ತದೆ. ಇಷ್ಟು ಜನರ ಬಳಿ ಹೋದರೂ "ಈ ನೋವು ಎಲ್ಲಿಂದ ಬರುತ್ತಿದೆ?" ಎಂದು ಒಬ್ಬರೂ ಕೂತು ಕೇಳಿರುವುದಿಲ್ಲ.

ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಟ್ಟಿದ್ದಾನೆ ಎಂಬ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ಗೊತ್ತು. ಮದ್ದು ಇದೆ ಎಂದ ಮೇಲೆ ಅದನ್ನು ಹುಡುಕುವ ಹೊಣೆ ನಮ್ಮದು. ರೋಗ ಯಾವುದೆಂದು ತಿಳಿಯದೆ ಅದರ ಮದ್ದು ಸಿಗುವುದು ಹೇಗೆ? ನೋವನ್ನು ಮರೆಸುವ ಗುಳಿಗೆ ಬೇರೆ, ನೋವಿನ ಬೇರನ್ನು ಕೀಳುವ ಚಿಕಿತ್ಸೆ ಬೇರೆ. ಈ ವ್ಯತ್ಯಾಸವನ್ನು ನಮ್ಮ ಕುಟುಂಬಗಳು ಅರಿತುಕೊಳ್ಳಬೇಕು ಎಂಬುದೇ ಈ ಬರಹದ ಒತ್ತಾಯ.

ಒಂದು ನರ, ಮೂರು ಕವಲು

ಮುಖದ ನೋವು ಮೋಸ ಮಾಡುವುದಕ್ಕೆ ಕಾರಣವಿದೆ. ಮುಖದ ಒಂದೊಂದು ಬದಿಗೂ ಸ್ಪರ್ಶ ಮತ್ತು ನೋವನ್ನು ತಿಳಿಸುವುದು ಮುಖ್ಯವಾಗಿ ಒಂದೇ ನರ. ಅದರ ಹೆಸರು ಟ್ರೈಜೆಮಿನಲ್ ನರ. ಅದಕ್ಕೆ ಮೂರು ಕವಲು. ಒಂದು ಹಣೆ ಮತ್ತು ಕಣ್ಣಿಗೆ, ಇನ್ನೊಂದು ಕೆನ್ನೆ, ಮೂಗಿನ ಬದಿ ಮತ್ತು ಮೇಲ್ದವಡೆಗೆ, ಮೂರನೆಯದು ಕೆಳದವಡೆಗೆ. ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ಮೂರು ಓಣಿಗೆ ತಂತಿ ಎಳೆದ ಹಾಗೆ. ಒಂದು ಓಣಿಯಲ್ಲಿ ತೊಂದರೆಯಾದರೆ ಪಕ್ಕದ ಓಣಿಯ ದೀಪ ಮಿಣುಕಬಹುದು. ಅದಕ್ಕೇ ಮೇಲಿನ ದವಡೆ ಹಲ್ಲಿನ ಕೀವು ಕಣ್ಣಿನ ಕೆಳಗೆ ನೋಯುತ್ತದೆ. ಸೈನಸ್ ತುಂಬಿಕೊಂಡರೆ ಒಳ್ಳೆಯ ಹಲ್ಲುಗಳೇ ನೋಯುತ್ತವೆ. ಕಣ್ಣಿನ ಒತ್ತಡ ಏರಿದರೆ ಅರ್ಧ ತಲೆ ಸಿಡಿಯುತ್ತದೆ.

ಹಾಗಾಗಿ ನೋಯುವ ಜಾಗವನ್ನು ಮಾತ್ರ ನೋಡಿದರೆ ಸಾಲದು. ನೋವು ಹೇಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ಏಳುತ್ತದೆ, ಏನು ಮಾಡಿದರೆ ತಣಿಯುತ್ತದೆ ಎಂಬುದನ್ನು ನೋಡಬೇಕು. ಅನುಭವಿ ವೈದ್ಯರು ಅರ್ಧ ರೋಗವನ್ನು ಈ ನಾಲ್ಕು ಪ್ರಶ್ನೆಗಳಲ್ಲೇ ಹಿಡಿಯುತ್ತಾರೆ.

ವುಝೂ ಮತ್ತು ಸುಜೂದ್ ಕೊಡುವ ಸುಳಿವು

ದಿನಕ್ಕೆ ಐದು ಹೊತ್ತು ಮುಖ ತೊಳೆಯುವ, ಬಾಯಿ ಮುಕ್ಕಳಿಸುವ, ಮೂಗಿಗೆ ನೀರೆಳೆಯುವ, ಹಣೆಯನ್ನು ನೆಲಕ್ಕಿಡುವ ನಮಗೆ ಈ ಪ್ರಶ್ನೆಗಳಿಗೆ ಉತ್ತರ ಹೇಳುವುದು ಕಷ್ಟವಲ್ಲ. ಸ್ವಲ್ಪ ಗಮನವಿಟ್ಟರೆ ಸಾಕು.

ವುಝೂವಿನಲ್ಲಿ ತಣ್ಣೀರು ಕೆನ್ನೆಗೆ ತಾಗಿದ ಕೂಡಲೇ ಕರೆಂಟ್ ಹೊಡೆದ ಹಾಗೆ ನೋವು ಬಂದು, ಕೆಲವು ಸೆಕೆಂಡಿನಿಂದ ಎರಡು ನಿಮಿಷದೊಳಗೆ ಹೋಗುತ್ತದೆಯೇ? ಮಿಸ್ವಾಕ್ ಮಾಡುವಾಗ, ಅಗಿಯುವಾಗ, ಗಾಳಿ ತಾಗಿದಾಗಲೂ ಹಾಗೆಯೇ ಆಗುತ್ತದೆಯೇ? ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ನರದ ನೋವಿನ ಲಕ್ಷಣ. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ತಲೆಬುರುಡೆಯ ಒಳಗೆ ನರದ ಬುಡವನ್ನು ರಕ್ತನಾಳವೊಂದು ಒತ್ತುವುದು ಇದಕ್ಕೆ ಸಾಮಾನ್ಯ ಕಾರಣ. ಸಾಮಾನ್ಯ ನೋವಿನ ಗುಳಿಗೆ ಇದಕ್ಕೆ ನಾಟುವುದಿಲ್ಲ. ಕಾರ್ಬಮಾಜೆಪಿನ್ ಎಂಬ ಔಷಧ ಬಹಳ ಮಂದಿಗೆ ಗುಣ ಕೊಡುತ್ತದೆ. ಆದರೆ ಅದನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಮೈಮೇಲೆ ಗುಳ್ಳೆ ಎದ್ದರೆ ತಕ್ಷಣ ತಿಳಿಸಬೇಕು, ರಕ್ತ ಪರೀಕ್ಷೆ ತಪ್ಪಿಸಬಾರದು. ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ. ನಟ ಸಲ್ಮಾನ್ ಖಾನ್ ತಮಗೆ ಈ ರೋಗವಿತ್ತು, 2011ರಲ್ಲಿ ಅಮೆರಿಕದಲ್ಲಿ ಚಿಕಿತ್ಸೆ ಪಡೆದೆ ಎಂದು ಬಹಿರಂಗವಾಗಿ ಹೇಳಿದ್ದಾರೆ. 12ನೇ ಶತಮಾನದ ವೈದ್ಯ ಇಸ್ಮಾಯಿಲ್ ಅಲ್ ಜುರ್ಜಾನಿ ತಮ್ಮ ಪಾರಸಿ ವೈದ್ಯಗ್ರಂಥದಲ್ಲಿ ಮುಖದ ಒಂದು ಬದಿಯ ಇಂಥ ನೋವನ್ನು ವಿವರಿಸಿ, ನರದ ಬಳಿಯಿರುವ ರಕ್ತನಾಳವನ್ನೇ ಅದಕ್ಕೆ ಕಾರಣವೆಂದು ತೋರಿಸಿದ್ದರು. ಅಂದರೆ ಇದು ಹೊಸ ಕಾಯಿಲೆಯೂ ಅಲ್ಲ, ಕಲ್ಪನೆಯೂ ಅಲ್ಲ.

ಸುಜೂದ್‌ಗೆ ಹೋದಾಗ ಕೆನ್ನೆ, ಹಣೆ ಭಾರವಾಗಿ ಒತ್ತುತ್ತದೆಯೇ? ಮೂಗು ಕಟ್ಟಿ, ಹಳದಿ ಅಥವಾ ಹಸಿರು ಸಿಂಬಳ ಬಂದು, ವಾಸನೆಯೇ ತಿಳಿಯದಂತಾಗಿದೆಯೇ? ಆಗ ಸೈನಸ್ ಇರಬಹುದು. ಆದರೆ ಇಲ್ಲಿ ಒಂದು ಎಚ್ಚರ ಬೇಕು. "ನನಗೆ ಸೈನಸ್" ಎಂದು ತಾವೇ ಹೇಳಿಕೊಳ್ಳುವವರಲ್ಲಿ ಬಹಳ ಮಂದಿಗೆ ಇರುವುದು ಮೈಗ್ರೇನ್, ನಮ್ಮ ಕಡೆ ಅರೆತಲೆನೋವು ಎನ್ನುವುದು. ಅದರಲ್ಲೂ ಬಗ್ಗಿದರೆ ನೋವು ಹೆಚ್ಚಾಗುತ್ತದೆ, ಮೂಗಲ್ಲಿ ನೀರೂ ಬರಬಹುದು. ನೋವು ಗಂಟೆಗಟ್ಟಲೆ ಇದ್ದು, ವಾಕರಿಕೆ ಬಂದು, ಬೆಳಕು ಮತ್ತು ಸದ್ದು ಸಹಿಸದೆ ಕತ್ತಲ ಕೋಣೆ ಬೇಕೆನಿಸಿದರೆ ಮೈಗ್ರೇನ್ ಎಂದೇ ಅನುಮಾನಿಸಬೇಕು. ರಮಝಾನಿನ ಮೊದಲ ದಿನಗಳಲ್ಲಿ ಚಹಾ ತಪ್ಪಿ, ನೀರು ಕಡಿಮೆಯಾಗಿ, ನಿದ್ದೆ ಕೆಟ್ಟು ಇದು ಕೆರಳುವುದನ್ನು ಬಹಳ ಮನೆಗಳಲ್ಲಿ ನೋಡುತ್ತೇವೆ. ಸೈನಸ್ ಎಂದು ವರ್ಷಗಟ್ಟಲೆ ಆಂಟಿಬಯೋಟಿಕ್ ನುಂಗಿದರೆ ಮೈಗ್ರೇನ್ ಹೋಗುವುದಿಲ್ಲ.

ಬಾಯಿ ಮುಕ್ಕಳಿಸುವಾಗ ಒಂದೇ ಹಲ್ಲಿಗೆ ಜುಂ ಎಂದು ಹಿಡಿದು ಬಹಳ ಹೊತ್ತು ಬಿಡದಿದ್ದರೆ, ಆ ಹಲ್ಲಿನಿಂದ ಅಗಿದರೆ ಮಾತ್ರ ನೋವು ಬಂದರೆ, ರಾತ್ರಿ ಮಲಗಿದಾಗ ಮಿಡಿದರೆ ಅದು ಹಲ್ಲಿನದೇ ನೋವು. ಆದರೂ ಕೀಳಿಸುವ ಮೊದಲು ದಂತವೈದ್ಯರನ್ನು ಒಂದು ಮಾತು ಕೇಳಿ: "ಯಾವ ಹಲ್ಲು, ಎಕ್ಸ್‌ರೇಯಲ್ಲಿ ಏನು ಕಾಣುತ್ತದೆ?" ಕಿತ್ತ ಹಲ್ಲು ಮತ್ತೆ ಬರುವುದಿಲ್ಲ. ನರದ ನೋವಿಗೆ ಹಲ್ಲನ್ನು ಬಲಿಕೊಟ್ಟವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ.

ಮಗ್ರಿಬ್ ನಂತರ ಕುರ್‌ಆನ್ ಓದಲು ಕೂತಾಗ ಅಕ್ಷರ ಮಸುಕಾಗಿ, ಪುಸ್ತಕವನ್ನು ದೂರ ಹಿಡಿದರೆ ಸರಿಯಾಗಿ ಕಂಡು, ಸ್ವಲ್ಪ ಹೊತ್ತಿಗೇ ಹುಬ್ಬಿನ ಮೇಲೆ ನೋವು ಬರುತ್ತದೆಯೇ? 40 ದಾಟಿದ್ದರೆ ಇದು ವಯಸ್ಸಿನೊಂದಿಗೆ ಬರುವ, ಹತ್ತಿರದ್ದು ಮಸುಕಾಗಿ ಕಾಣುವ ಸಮಸ್ಯೆ. ಸರಿಯಾಗಿ ಪರೀಕ್ಷಿಸಿ ಬರೆದುಕೊಟ್ಟ ಕನ್ನಡಕ ಸಾಕು. ಮದ್ರಸಾಕ್ಕೆ, ಶಾಲೆಗೆ ಹೋಗುವ ಮಗು ಸಂಜೆ ತಲೆ ಹಿಡಿದುಕೊಂಡು ಬಂದರೆ ಅದಕ್ಕೂ ಮೊದಲು ಕಣ್ಣಿನ ಪರೀಕ್ಷೆಯೇ ಆಗಲಿ.

ದವಡೆಯ ಕೀಲು ಇರುವುದು ಕಿವಿಯ ಮುಂದೆ. ಅಲ್ಲಿ ಕಟಕಟ ಸದ್ದು, ಬೆಳಗ್ಗೆ ಎದ್ದಾಗ ಬಿಗಿತ, ಕಪಾಲದಲ್ಲಿ ನೋವು ಇದ್ದರೆ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದೆಯೇ ನೋಡಿ. ನಮ್ಮ ಯುವಕರಿಗೆ ಒಂದು ಕಟುವಾದ ಮಾತು ಹೇಳಲೇಬೇಕು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆದರೂ ಅಡಿಕೆ ಪುಡಿ ಮತ್ತು ತಂಬಾಕಿನ ಚೀಟಿಗಳನ್ನು ಕಲಸಿ ಬಾಯಿಗೆ ಹಾಕಿಕೊಳ್ಳುವುದು ನಿಂತಿಲ್ಲ. ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ಹಾಕಲು ಆಗದಿದ್ದರೆ, ಖಾರ ತಾಗಿದರೆ ಬಾಯಿ ಉರಿದರೆ, ಒಳಚರ್ಮ ಗಟ್ಟಿಯಾಗುತ್ತಿದೆ ಎಂದರ್ಥ. ಇದು ಕ್ಯಾನ್ಸರಿಗೆ ತಿರುಗಬಹುದು. ಆ ದವಡೆ ನೋವನ್ನು ಬಾಮು ಹಚ್ಚಿ ಮುಚ್ಚಬೇಡಿ.

ನಮ್ಮ ಕೆಲಸ, ನಮ್ಮ ಕಣ್ಣು

ಕಾರಣ ಹುಡುಕುವಾಗ ನಾವು ಮಾಡುವ ಕೆಲಸವನ್ನೂ ನೋಡಬೇಕು. ಹರಪನಹಳ್ಳಿ, ಕೂಡ್ಲಿಗಿ ಕಡೆ ಮೆಕ್ಕೆಜೋಳದ ಒಕ್ಕಣೆ ನಡೆಯುವಾಗ ಏಳುವ ದೂಳು ಕಣ್ಣು, ಮೂಗು ಎರಡನ್ನೂ ಕೆಡಿಸುತ್ತದೆ. ಹಡಗಲಿಯ ಮಲ್ಲಿಗೆ ಬಿಡಿಸುವವರು ನಸುಕಿನ ಮಬ್ಬು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಕೆಲಸ ಮಾಡುತ್ತಾರೆ. ಬೀಡಿ ಕಟ್ಟುವ, ಹೊಲಿಗೆ ಹಾಕುವ ತಾಯಂದಿರು ತಲೆ ಬಗ್ಗಿಸಿ ಕೂತರೆ ಮೇಲೇಳುವುದು ಗಂಟೆಗಳ ನಂತರ. ಮಂಡಕ್ಕಿ ಭಟ್ಟಿಯಲ್ಲಿ, ಸೌದೆ ಒಲೆಯ ಮುಂದೆ ಕೂತವರಿಗೆ ಹೊಗೆ ತಪ್ಪದು. ಇವರಿಗೆಲ್ಲ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದು, ಉರಿಯುವುದು, ನೀರು ಸುರಿಯುವುದು ಸಾಮಾನ್ಯ. ಕಣ್ಣು ಒಣಗಿದಾಗಲೂ ನೀರು ಸುರಿಯುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ರಾತ್ರಿ ಮೊಬೈಲ್ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆಯಾಗಿ ಇದೇ ತೊಂದರೆ ಯುವಕರಿಗೂ ಬರುತ್ತಿದೆ. ಬೆಳಕು ಸರಿಪಡಿಸಿಕೊಳ್ಳುವುದು, ಆಗಾಗ ದೂರ ನೋಡುವುದು, ಒಕ್ಕಣೆಯಲ್ಲಿ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟುವುದು ಖರ್ಚಿಲ್ಲದ ಮದ್ದು.

ಜೋಳದ ಗರಿಯೋ ಕಡ್ಡಿಯೋ ಕಣ್ಣಿಗೆ ತಾಗಿದರೆ ಮಾತ್ರ ತಡಮಾಡಬೇಡಿ. ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿ, ಫಂಗಸ್ ಹಿಡಿದು ಕಣ್ಣೇ ಹೋಗಬಹುದು. ಎದೆಹಾಲು, ಸೊಪ್ಪಿನ ರಸ, ಉಳಿದ ಹಳೆಯ ಹನಿ ಯಾವುದನ್ನೂ ಹಾಕದೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಕಣ್ಣಿನ ಹನಿಗಳ ಬಗ್ಗೆಯೂ ಎಚ್ಚರಿಕೆ ಬೇಕು. ಕೆಲವದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಹಾಕಿದ ದಿನ ಕೆಂಪು ಇಳಿದು ಹಾಯೆನಿಸುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ, ಹೋದ ನೋಟ ಮರಳುವುದಿಲ್ಲ. ಸುರ್ಮಾ ವಿಷಯವೂ ಹಾಗೆಯೇ. ಹದೀಸಿನಲ್ಲಿ ಬರುವುದು ಇಸ್ಮಿದ್. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಸುರ್ಮಾದಲ್ಲಿ ಇರುವುದು ಸೀಸದ ಪುಡಿ. ಸೀಸ ಮಕ್ಕಳ ಮೆದುಳಿಗೆ ವಿಷ. ಮಗುವಿನ ಕಣ್ಣಿಗೆ ಅದನ್ನು ಹಚ್ಚಬೇಡಿ. ಅರಬಿಯಲ್ಲಿ ಕಣ್ಣಿನ ವೈದ್ಯನಿಗೆ ಕಹ್ಹಾಲ್ ಎನ್ನುತ್ತಿದ್ದರು, ಸುರ್ಮಾ ಹಚ್ಚುವವ ಎಂಬ ಅರ್ಥದಿಂದ ಬಂದ ಹೆಸರು. ಆದರೆ ಬಗ್ದಾದಿನ ಅಲೀ ಇಬ್ನ್ ಈಸಾರಂಥ ಕಹ್ಹಾಲ್‌ಗಳು ಸುರ್ಮಾ ಹಚ್ಚಿ ಕೈತೊಳೆದುಕೊಳ್ಳಲಿಲ್ಲ. ಕಣ್ಣಿನ ರೋಗಗಳನ್ನು ಒಂದೊಂದಾಗಿ ವಿಂಗಡಿಸಿ, ಶತಮಾನಗಳ ಕಾಲ ವೈದ್ಯರು ಓದುವಂಥ ಗ್ರಂಥ ಬರೆದರು. ನಾವು ಆ ಪರಂಪರೆಯವರೆಂದು ಹೆಮ್ಮೆಪಡುವುದಾದರೆ ಕಾರಣ ಹುಡುಕುವ ಅವರ ಗುಣವೂ ನಮ್ಮಲ್ಲಿರಬೇಕು.

ಒಂದು ದಿನವೂ ಕಾಯಬಾರದ ಲಕ್ಷಣಗಳು

ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಹಠಾತ್ ಗ್ಲಾಕೋಮಾ ಇರಬಹುದು. ಗಂಟೆಗಳ ಲೆಕ್ಕದಲ್ಲಿ ನೋಟ ಹೋಗುತ್ತದೆ. ವಾಂತಿ ನೋಡಿ ಪಿತ್ತ ಎಂದುಕೊಳ್ಳಬೇಡಿ.

ಹಣೆಯ ಒಂದೇ ಬದಿಯಲ್ಲಿ ಉರಿ ನೋವು ಬಂದು ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು. ಮೂಗಿನ ತುದಿಗೂ ಗುಳ್ಳೆ ಬಂದರೆ ಕಣ್ಣಿಗೆ ಅಪಾಯ. ಮೊದಲ 72 ಗಂಟೆಯೊಳಗೆ ಔಷಧ ಶುರುವಾದರೆ ಒಳ್ಳೆಯದು. ಮಂತ್ರಿಸುವುದು, ಕೆಮ್ಮಣ್ಣು ಬಳಿಯುವುದರಲ್ಲಿ ಆ ಸಮಯ ಕಳೆಯಬೇಡಿ.

ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರಿಗೆ ಮುಖದ ಒಂದು ಬದಿ ನೋವು, ಮರಗಟ್ಟುವಿಕೆ, ಕಣ್ಣಿನ ಊತ, ಎರಡೆರಡು ಕಾಣುವುದು, ಅಂಗಳದಲ್ಲಿ ಕಪ್ಪು ಕಲೆ ಕಂಡರೆ 2021ರ ಕೊರೊನಾ ಕಾಲದಲ್ಲಿ ನಾವು ಕೇಳಿದ ಕಪ್ಪು ಶಿಲೀಂಧ್ರವನ್ನು ನೆನಪಿಸಿಕೊಳ್ಳಿ. ಕೊರೊನಾ ಹೋದರೂ ಆ ರೋಗ ಹೋಗಿಲ್ಲ.

50 ದಾಟಿದವರಿಗೆ ಹೊಸದಾಗಿ ಕಪಾಲದ ನೋವು ಬಂದು, ಅಗಿಯುವಾಗ ದವಡೆ ಸೋತು, ನೋಟ ಮಸುಕಾದರೆ ತಕ್ಷಣ ತೋರಿಸಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಕಣ್ಣು ಮುಚ್ಚಲು ಆಗದಿದ್ದರೆ ಕೂಡ ಹಾಗೆಯೇ.

ಎಲ್ಲಿಂದ ಶುರು ಮಾಡಬೇಕು?

"ದೊಡ್ಡ ಆಸ್ಪತ್ರೆಗೆ ಹೋಗಲು ದುಡ್ಡೆಲ್ಲಿ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ನಮ್ಮದು ವಿಜಯನಗರ ಜಿಲ್ಲೆಯಾಯಿತು. ಆದರೂ ದೊಡ್ಡ ಕಾಯಿಲೆ ಎಂದರೆ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇಲ್ಲವೇ ದಾವಣಗೆರೆ, ಹುಬ್ಬಳ್ಳಿ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು, ಜೊತೆಗೊಬ್ಬರು ಬೇಕು. ಇದಕ್ಕೇ ಹೇಳುವುದು, ದಿಕ್ಕುತಪ್ಪಿ ಹತ್ತು ಕಡೆ ಅಲೆಯುವ ಬದಲು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಿಂದ ಕ್ರಮವಾಗಿ ಶುರು ಮಾಡಿ. ಅಲ್ಲಿ ಹಲ್ಲು, ಕಣ್ಣು, ಸಕ್ಕರೆ, ರಕ್ತದೊತ್ತಡ ಮೊದಲು ನೋಡಿಸಿ. ಇವು ಕಡಿಮೆ ಖರ್ಚಿನ ಪರೀಕ್ಷೆಗಳು. ಎಷ್ಟೋ ನೋವಿನ ಕಾರಣ ಇಲ್ಲೇ ಸಿಗುತ್ತದೆ. ಸಿಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರು, ಆಮೇಲೆ ನರರೋಗ ತಜ್ಞರು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯ ಬಾಗಿಲನ್ನೇ ತಟ್ಟದವರಿಗೆ ಆ ಪತ್ರ ಸಿಗುವುದು ಹೇಗೆ?

ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೋವು ಬಂದ ಸಮಯ, ಎಷ್ಟು ಹೊತ್ತು, ಯಾವ ಬದಿ, ಏನು ಮಾಡುತ್ತಿದ್ದಾಗ, ಯಾವ ಗುಳಿಗೆ ತೆಗೆದುಕೊಂಡಿರಿ. ಕನ್ನಡವೋ ಉರ್ದುವೋ, ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಹತ್ತು ನಿಮಿಷವೂ ಸಿಗದ ವೈದ್ಯರ ಮುಂದೆ ಈ ಒಂದು ಹಾಳೆ ದೊಡ್ಡ ಕೆಲಸ ಮಾಡುತ್ತದೆ. ಗುಳಿಗೆಯ ಲೆಕ್ಕ ಮುಖ್ಯ, ಏಕೆಂದರೆ ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು ನೋವಿನ ಗುಳಿಗೆ ನುಂಗುತ್ತಾ ಹೋದರೆ ಆ ಗುಳಿಗೆಯೇ ತಲೆನೋವು ತರುತ್ತದೆ. ಮೂತ್ರಪಿಂಡ, ಹೊಟ್ಟೆಗೆ ಆಗುವ ಹಾನಿ ಬೇರೆ.

ಎಲ್ಲ ಪರೀಕ್ಷೆಯಾದರೂ ಕೆಲವರಲ್ಲಿ ಕಾರಣ ಕಾಣುವುದಿಲ್ಲ. "ಸ್ಕ್ಯಾನ್‌ನಲ್ಲಿ ಏನೂ ಇಲ್ಲ" ಎಂದರೆ "ನಿನಗೆ ಏನೂ ಆಗಿಲ್ಲ" ಎಂದು ಅರ್ಥವಲ್ಲ. ಮೈಗ್ರೇನ್ ಕೂಡ ಸ್ಕ್ಯಾನ್‌ನಲ್ಲಿ ಕಾಣದು. ಅಪಾಯಕಾರಿ ಕಾಯಿಲೆ ಇಲ್ಲ ಎಂದು ತಿಳಿದದ್ದೇ ಒಂದು ಲಾಭ. ಹಾಗೆ ಉಳಿಯುವ ನೋವನ್ನು ತಗ್ಗಿಸಲೂ ಔಷಧಗಳಿವೆ, ತಾಳ್ಮೆ ಬೇಕು ಅಷ್ಟೆ.

ಮನೆಯವರಿಗೆ, ಜಮಾಅತ್‌ಗೆ ಎರಡು ಮಾತು

ಗಂಡಸರಿಗೆ ಮೊದಲ ಮಾತು. ಮನೆಯ ಹೆಂಗಸರು ಮುಖದ ನೋವನ್ನು ಬಹಳ ದಿನ ಹೇಳುವುದೇ ಇಲ್ಲ. ಹೇಳಿದ ದಿನ ನಂಬಿ. ಆಸ್ಪತ್ರೆಗೆ ಜೊತೆಗೆ ಹೋಗಿ, ಆದರೆ ವೈದ್ಯರ ಪ್ರಶ್ನೆಗೆ ನೀವು ಉತ್ತರಿಸಬೇಡಿ, ಅವರೇ ಹೇಳಲಿ. ನೋವು ಅವರದು. ಪುರುಷ ವೈದ್ಯರ ಮುಂದೆ ಮುಖ ತೋರಿಸಲು ಸಂಕೋಚವೆಂದು ಕಣ್ಣು ಕಳೆದುಕೊಳ್ಳುವುದು ದೀನ್ ಬೇಡುವ ಮಾತಲ್ಲ. ಚಿಕಿತ್ಸೆಯ ಅಗತ್ಯಕ್ಕೆ ಶರೀಅತ್ತಿನಲ್ಲಿ ಅವಕಾಶವಿದೆ.

ಎರಡನೆಯದು ದುಆ ಮತ್ತು ದವಾ. ದುಆ ನಮ್ಮ ಬಲ, ಅದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ಪ್ರವಾದಿ(ಸ)ರೇ ಅವರನ್ನು ಹಾರಿಸ್ ಬಿನ್ ಕಲದಾ ಎಂಬ ವೈದ್ಯರ ಬಳಿ ಹೋಗಲು ಹೇಳಿದರೆಂದು ಅಬೂದಾವೂದ್ ಗ್ರಂಥದಲ್ಲಿದೆ. ತಲೆಗೆ ಗಾಯವಾದ ಪ್ರಯಾಣಿಕನೊಬ್ಬನಿಗೆ ಜೊತೆಗಾರರು ತಿಳಿಯದೆ ಸ್ನಾನ ಮಾಡಲೇಬೇಕೆಂದು ಹೇಳಿ, ಅವನು ತೀರಿಕೊಂಡಾಗ ಪ್ರವಾದಿ(ಸ)ರು ಬಹಳ ನೊಂದು, ತಿಳಿಯದಿದ್ದರೆ ಕೇಳಬೇಕಿತ್ತಲ್ಲವೇ ಎಂದ ಪ್ರಸಂಗವೂ ಅಲ್ಲೇ ಇದೆ. ತಣ್ಣೀರು ತಾಗಿದರೆ ನರ ಸಿಡಿಯುವವರು ಬೆಚ್ಚಗಿನ ನೀರಿನಲ್ಲಿ ವುಝೂ ಮಾಡಲಿ. ಅದೂ ಆಗದಿದ್ದರೆ, ಬಗ್ಗಲು ಆಗದಿದ್ದರೆ, ಇರುವ ಸಡಿಲಿಕೆಯನ್ನು ಊರಿನ ಆಲಿಮರನ್ನು ಕೇಳಿ ತಿಳಿದುಕೊಳ್ಳಲಿ. ನೋವಿಗೆ ಹೆದರಿ ನಮಾಝನ್ನೇ ಬಿಟ್ಟು ಕೂತವರಿಗೆ ಈ ಮಾತು ತಲುಪಬೇಕು.

ಕೊನೆಯದು ಮಸ್ಜಿದ್ ಸಮಿತಿಗಳಿಗೆ. ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯವರನ್ನು ಕರೆದು ಕಣ್ಣು, ಹಲ್ಲು, ಸಕ್ಕರೆ ಪರೀಕ್ಷೆಯ ಶಿಬಿರ ಮಾಡಿಸುವುದು ನಮ್ಮ ಕೈಲಾಗದ ಕೆಲಸವಲ್ಲ. ಬೈತುಲ್‌ಮಾಲ್‌ನಿಂದ ಬಡ ರೋಗಿಯ ಬಸ್ಸಿನ ಖರ್ಚಿಗೆ, ಒಂದು ಎಕ್ಸ್‌ರೇಗೆ, ಒಂದು ಕನ್ನಡಕಕ್ಕೆ ಹಣ ಮೀಸಲಿಡಬಹುದು. ಓದಿದ ಹುಡುಗರಲ್ಲಿ ಇಬ್ಬರು ಬಳ್ಳಾರಿ, ದಾವಣಗೆರೆಯ ಆಸ್ಪತ್ರೆಗಳ ದಾರಿ, ಚೀಟಿ, ಕಾರ್ಡಿನ ಕೆಲಸ ಕಲಿತುಕೊಂಡು ಜೊತೆಗೆ ಹೋಗಲಿ. ಜುಮಾ ದಿನ ಐದು ನಿಮಿಷ ಈ ಮಾತು ಹೇಳಿದರೂ ಎಷ್ಟೋ ಮನೆಗೆ ತಲುಪುತ್ತದೆ.

ಇಂದೇ ನಿಮ್ಮ ಮನೆಯಲ್ಲಿ ಕೇಳಿ ನೋಡಿ: ಯಾರಿಗಾದರೂ ಮುಖದಲ್ಲಿ, ಕಣ್ಣಲ್ಲಿ ಬಹಳ ದಿನದ ನೋವಿದೆಯೇ? ಇದ್ದರೆ ಗುಳಿಗೆಯ ಡಬ್ಬಿ ಪಕ್ಕಕ್ಕಿಟ್ಟು ಒಂದು ನೋಟ್‌ಬುಕ್ ಕೊಡಿ, ಆಸ್ಪತ್ರೆಗೆ ಹೋಗುವ ದಿನ ಗೊತ್ತುಮಾಡಿ. ಶಿಫಾ ಕೊಡುವವನು ಅಲ್ಲಾಹನು. ಆ ಶಿಫಾದ ದಾರಿ ಹುಡುಕುವ ಕೆಲಸವನ್ನು ಅವನು ನಮಗೆ ಬಿಟ್ಟಿದ್ದಾನೆ.